ಗ್ರಂಥಾಲಯಕ್ಕೊಬ್ಬ ಸೂತ್ರಕಾರ

ನಮ್ಮ ಯಾವುದಾದರೊಂದು ಹಳೆಯ ಕಾಲೇಜಿನ ಗ್ರಂಥಾಲಯದಲ್ಲಿ ಕನ್ನಡ ಕಾವ್ಯಗಳನ್ನಿಟ್ಟಿರುವ ಬೀರುವಿನ ಮುಂದೆ ನಿಂತರೆ, ಪುಸ್ತಕಗಳ ಬೆನ್ನಿಗೆ ಅಂಟಿಸಿದ ಚೀಟಿಗಳಲ್ಲಿ 894.814 ಎಂದು ಆರಂಭವಾಗುವ ಸಂಖ್ಯೆಯೊಂದು ಕಣ್ಣಿಗೆ ಬೀಳುವುದುಂಟು. ಪಂಪನಿಗೂ ಅದೇ, ಕುಮಾರವ್ಯಾಸನಿಗೂ ಅದೇ, ಬೇಂದ್ರೆಯವರಿಗೂ ಅದೇ. ಪಕ್ಕದ ಬೀರುವಿನ ವರ್ಡ್ಸ್‌ವರ್ತನಿಗಾದರೋ 821 ಎಂಬ ಮೂರೇ ಅಂಕಿ ಸಾಕು. ಸಾವಿರ ವರ್ಷಗಳ ಕಾವ್ಯಪರಂಪರೆಯುಳ್ಳ ಭಾಷೆಗೆ ಇಷ್ಟುದ್ದದ ಬಾಲವೇಕೆ ಎಂಬ ಪ್ರಶ್ನೆ ಸಾಹಿತ್ಯಾಸಕ್ತರಾದ ತಮ್ಮಲ್ಲಿ ಕೆಲವರಿಗಾದರೂ ಹುಟ್ಟಿರಬಹುದು.

ಉತ್ತರ ಅಮೆರಿಕದಲ್ಲಿದೆ. ಅಲ್ಲಿನ ಮೆಲ್ವಿಲ್ ಡ್ಯೂಯಿ ಎಂಬಾತ 1876ರಲ್ಲಿ ಪ್ರಕಟಿಸಿದ ದಶಮಾಂಶ ವರ್ಗೀಕರಣವು ಸಮಸ್ತ ಜ್ಞಾನವನ್ನು ಹತ್ತು ಭಾಗ ಮಾಡಿ, ಸಾಹಿತ್ಯಕ್ಕೆ 800ನ್ನು ಕೊಟ್ಟಿತು. ಆ ಎಂಟುನೂರರ ಮನೆಯಲ್ಲಿ ಅಮೆರಿಕನ್ನರಿಗೆ, ಇಂಗ್ಲಿಷಿಗೆ, ಜರ್ಮನಿಗೆ, ಫ್ರೆಂಚಿಗೆ, ಇಟಾಲಿಯನ್ನಿಗೆ, ಸ್ಪ್ಯಾನಿಷಿಗೆ, ಲ್ಯಾಟಿನ್ನಿಗೆ, ಗ್ರೀಕಿಗೆ ಒಂದೊಂದು ಕೋಣೆ. ಉಳಿದ ಕೊನೆಯ ಕೋಣೆ 890. ಸಂಸ್ಕೃತ, ಅರಬ್ಬಿ, ಚೀನೀ, ತಮಿಳು, ಕನ್ನಡ ಎಲ್ಲವೂ ಅದರೊಳಗೆ. ಆ ಕೋಣೆಯ ಒಂದು ಮೂಲೆಯಲ್ಲಿ ನಮ್ಮ ದ್ರಾವಿಡ ಭಾಷೆಗಳು ತುರ್ಕಿ, ಹಂಗೇರಿಯನ್, ಫಿನ್ನಿಷ್ ಭಾಷೆಗಳೊಡನೆ ಭುಜಕ್ಕೆ ಭುಜ ತಾಗಿಸಿಕೊಂಡು ನಿಂತಿವೆ. ಧರ್ಮದ ವಿಭಾಗವೂ ಹೀಗೆಯೇ. ಅದರ ಬಹುಪಾಲು ಕ್ರೈಸ್ತಮತಕ್ಕೆ. ಜಗತ್ತಿನ ಉಳಿದ ಮತಗಳೆಲ್ಲ 290ರ ಒಳಗೆ. ಡ್ಯೂಯಿಯದು ದುರುದ್ದೇಶವೆಂದು ನಾನು ಹೇಳಲಾರೆ. ಆತ ತನ್ನ ಮುಂದಿದ್ದ ಬೀರುಗಳನ್ನು ನೋಡಿ ಜಗತ್ತನ್ನು ಅಳೆದ. ಆದರೆ ಅಳತೆಗೋಲು ತಯಾರಾದ ಮೇಲೆ ಅದು ಎಲ್ಲರ ಅಂಗಳಕ್ಕೂ ಬಂದಿತು. ಶಾಸ್ತ್ರವು ಪಶ್ಚಿಮದಲ್ಲಿ ಹುಟ್ಟತಕ್ಕದ್ದು, ನಾವು ಅದನ್ನು ಕಲಿತು ಅನುಸರಿಸತಕ್ಕದ್ದು ಎಂಬ ಏರ್ಪಾಡಿನಲ್ಲಿ ಇದು ಸಹಜವೆಂದೇ ತೋರುತ್ತಿತ್ತು.

ಈ ಏರ್ಪಾಡನ್ನು ತಿರುಗುಮುರುಗಾಗಿಸಿದ ಒಬ್ಬರು ನಮ್ಮ ನೆರೆಯಲ್ಲೇ ಇದ್ದರು. ಬಾಳಿನ ಕೊನೆಯ ಹದಿನೈದು ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲೇ ಕಳೆದರು. ಶಿಯಾಳಿ ರಾಮಾಮೃತ ರಂಗನಾಥನ್ ಅವರ ಹೆಸರು ಗ್ರಂಥಪಾಲಕರಿಗೆಲ್ಲ ಗೊತ್ತು. ಸಾಹಿತ್ಯದ ಓದುಗರಿಗೆ ಅಷ್ಟು ಗೊತ್ತಿಲ್ಲವೆಂಬುದರಿಂದ ಈ ಭಾಷಣಕ್ಕೆ ಅವರನ್ನು ಆರಿಸಿಕೊಂಡಿದ್ದೇನೆ.

ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ 1892ರ ಆಗಸ್ಟಿನಲ್ಲಿ ಹುಟ್ಟಿದ ರಂಗನಾಥನ್ ಓದಿದ್ದು ಗಣಿತ. ಅಧ್ಯಾಪಕರಾಗಿ ಮೊದಲು ಕಾಲಿಟ್ಟದ್ದು ಮಂಗಳೂರಿನ ಸರ್ಕಾರಿ ಕಾಲೇಜಿಗೆ, 1917ರಲ್ಲಿ. ಅಲ್ಲಿಂದ ಕೊಯಮತ್ತೂರು, ಬಳಿಕ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು. 1924ರ ಜನವರಿಯಲ್ಲಿ ಅವರು ಮದರಾಸು ವಿಶ್ವವಿದ್ಯಾನಿಲಯದ ಮೊದಲ ಗ್ರಂಥಪಾಲಕರಾದರು. ಆಗ ಆ ವಿದ್ಯೆಯಲ್ಲಿ ಅವರಿಗಿದ್ದ ಬಂಡವಾಳವೆಲ್ಲ ಸಂದರ್ಶನಕ್ಕೆ ಕೆಲವು ದಿನ ಮುಂಚೆ ವಿಶ್ವಕೋಶವೊಂದರಲ್ಲಿ ಓದಿಕೊಂಡ ಲೇಖನವಷ್ಟೇ ಎಂದು ಅವರ ಜೀವನಚರಿತ್ರಕಾರರು ಹೇಳುತ್ತಾರೆ. ತರಗತಿಯ ಗಲಗಲದಲ್ಲಿ ಇದ್ದವರಿಗೆ ಪುಸ್ತಕಗಳ ನಡುವಿನ ಆ ಮೌನ ಹಿಡಿಸಲಿಲ್ಲ. ಓದುಗರು ಬಾರದ ಗ್ರಂಥಾಲಯದಲ್ಲಿ ಗ್ರಂಥಪಾಲಕನಿಗೆ ಮಾಡುವ ಕೆಲಸವಾದರೂ ಏನು? ತಮ್ಮನ್ನು ಹಳೆಯ ಹುದ್ದೆಗೆ ಮರಳಿಸಿರೆಂದು ಕೇಳಿಕೊಂಡರು. ಇಂಗ್ಲೆಂಡಿಗೆ ಹೋಗಿ ಈ ವಿದ್ಯೆಯನ್ನು ಕಲಿತು ಬನ್ನಿ, ಆಮೇಲೂ ಬೇಸರವಾದರೆ ನೋಡೋಣ ಎಂದು ಸಮಾಧಾನ ಹೇಳಿ ಕಳುಹಿಸಿದರು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಗ್ರಂಥಪಾಲನ ಶಾಲೆಯಲ್ಲಿ ಅವರಿಗೆ ಗುರುವಾಗಿ ದೊರೆತವರು ಕ್ರಾಯ್ಡನ್ ನಗರದ ಗ್ರಂಥಪಾಲಕ ಬೆರ್ವಿಕ್ ಸೇಯರ್ಸ್. ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ರಂಗನಾಥನ್ ಸುತ್ತಿ ನೋಡಿದರು. ಅಲ್ಲಿ ಅವರು ಕಂಡದ್ದು ಕಟ್ಟಡಗಳನ್ನಲ್ಲ, ಜನರನ್ನು. ಕಾರ್ಮಿಕರು, ಗೃಹಿಣಿಯರು, ಮಕ್ಕಳು ತಮ್ಮ ಹಕ್ಕೆಂಬಂತೆ ಬಂದು ಪುಸ್ತಕ ಕೊಂಡೊಯ್ಯುತ್ತಿದ್ದರು. 1925ರಲ್ಲಿ ಮದರಾಸಿಗೆ ಹಿಂದಿರುಗಿದ ಮೇಲೆ ಬೇಸರದ ಮಾತೇ ಬರಲಿಲ್ಲ.

ಅವರಿಗೆ ಮುಂಚೆಯೂ ನಮ್ಮ ದೇಶದಲ್ಲಿ ಪ್ರಯತ್ನಗಳು ನಡೆದಿದ್ದವೆಂಬುದನ್ನು ಮರೆಯಬಾರದು. ಬರೋಡೆಯ ಸಯ್ಯಾಜಿರಾವ್ ಮಹಾರಾಜರು 1910ರಲ್ಲಿ ಬೋರ್ಡನ್ ಎಂಬ ಅಮೆರಿಕನ್ನರನ್ನು ಕರೆಸಿ ರಾಜ್ಯದಾದ್ಯಂತ ಗ್ರಂಥಾಲಯಗಳ ಜಾಲವನ್ನೇ ಹೆಣೆಸಿದರು. 1915ರಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾನಿಲಯಕ್ಕೆ ಡಿಕಿನ್ಸನ್ ಎಂಬ ಇನ್ನೊಬ್ಬ ಅಮೆರಿಕನ್ನರು ಬಂದು ತರಬೇತಿ ಕೊಟ್ಟರು. ಆಂಧ್ರದಲ್ಲಿ ಅಯ್ಯಂಕಿ ವೆಂಕಟರಮಣಯ್ಯನವರ ನೇತೃತ್ವದಲ್ಲಿ ಅದೊಂದು ಜನಾಂದೋಲನವೇ ಆಯಿತು. ಆದರೆ ಇವೆಲ್ಲ ಕಾರ್ಯಗಳು. ಕಾರ್ಯದ ಹಿಂದಿರಬೇಕಾದ ತತ್ತ್ವವನ್ನು ಹುಡುಕುವ ಗೋಜಿಗೆ ಯಾರೂ ಹೋಗಿರಲಿಲ್ಲ. ನಿಜ ಹೇಳಬೇಕೆಂದರೆ ಲಂಡನ್ನಿನಲ್ಲಿಯೂ ಅದು ಇರಲಿಲ್ಲ. ಅಲ್ಲಿ ಕಲಿಸುತ್ತಿದ್ದುದು ರೂಢಿಯನ್ನು: ಹೀಗೆ ಚೀಟಿ ಬರೆಯಿರಿ, ಹೀಗೆ ಜೋಡಿಸಿರಿ ಎಂದು. ಗಣಿತದವರಾದ ರಂಗನಾಥನ್‌ರಿಗೆ ಅದು ಸಾಲದಾಯಿತು. ಈ ನೂರೆಂಟು ರೂಢಿಗಳೆಲ್ಲ ಯಾವ ಕೆಲವೇ ಮೂಲಸೂತ್ರಗಳಿಂದ ಹೊರಡುತ್ತವೆ ಎಂದು ಅವರು ವರ್ಷಗಟ್ಟಲೆ ಚಿಂತಿಸಿದರು. ಒಂದು ಸಂಜೆ ಅವರ ಗಣಿತದ ಗುರು ಎಡ್ವರ್ಡ್ ರಾಸ್ ಭೇಟಿಗೆ ಬಂದಾಗ ತಮ್ಮ ತೊಳಲಾಟವನ್ನು ತೋಡಿಕೊಂಡರಂತೆ. ಪುಸ್ತಕಗಳಿರುವುದು ಬಳಕೆಗೆಂಬುದೇ ನಿನ್ನ ಮೊದಲ ಸೂತ್ರವಲ್ಲವೇ ಎಂದು ಗುರುಗಳು ಹೇಳಿ ಹೋದರು. ಮಿಕ್ಕ ನಾಲ್ಕು ತಾವಾಗಿಯೇ ಬಂದವು. 1928ರಲ್ಲಿ ರೂಪ ತಳೆದ ಪಂಚಸೂತ್ರಗಳು 1931ರಲ್ಲಿ ಗ್ರಂಥವಾಗಿ ಹೊರಬಂದವು.

ಪುಸ್ತಕ ಬಳಕೆಗೆ ಎಂಬ ಮಾತು ಇಂದು ಸಪ್ಪೆಯಾಗಿ ಕೇಳಿಸಬಹುದು. ಇಷ್ಟನ್ನು ಹೇಳಲು ಸೂತ್ರವೇಕೆ? ಆದರೆ ನಮ್ಮ ನಾಡಿನ ಇತಿಹಾಸವನ್ನೇ ಸ್ವಲ್ಪ ನೆನೆಯಿರಿ. ಮೂಡಬಿದಿರೆಯ ಬಸದಿಯಲ್ಲಿ ಷಟ್ಖಂಡಾಗಮದ ಧವಲಾ ಟೀಕೆಯ ತಾಳೆಗರಿಗಳು, ಹಳಗನ್ನಡ ಲಿಪಿಯಲ್ಲಿ ಬರೆದವು, ಶತಮಾನಗಳ ಕಾಲ ಬೀಗದೊಳಗಿದ್ದವು. ದೂರದೂರದಿಂದ ಬಂದ ಯಾತ್ರಿಕರು ಅವುಗಳ ದರ್ಶನ ಪಡೆದು, ಕೈಮುಗಿದು ಹೋಗುತ್ತಿದ್ದರು. ಓದುವುದು ಎಂಬ ಮಾತೇ ಇರಲಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಪ್ರತಿಲಿಪಿ ಮಾಡುವ ಕೆಲಸ ಆರಂಭವಾಗಿ, ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಗುವ ಹೊತ್ತಿಗೆ 1939 ಬಂದಿತ್ತು. ಬೀಗದೊಳಗಿದ್ದುದರಿಂದಲೇ ಆ ಗರಿಗಳು ಉಳಿದವೆಂದು ವಾದಿಸುವವರಿದ್ದಾರೆ. ಆ ವಾದವನ್ನು ನಾನು ತಳ್ಳಿಹಾಕಲಾರೆ. ಪೂಜೆಯೂ ಒಂದು ಬಗೆಯ ಸಂರಕ್ಷಣೆಯೇ. ಆದರೆ ಮೈಸೂರಿನ ಓರಿಯಂಟಲ್ ಲೈಬ್ರರಿಯ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದೊಪ್ಪಿಸಿದ ಓಲೆಯ ಕಟ್ಟನ್ನು ಅಲ್ಲಿನ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ಓದಿದರು, 1905ರಲ್ಲಿ ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಲೋಕಕ್ಕೆ ತಿಳಿಯಿತು, 1909ರಲ್ಲಿ ಅಚ್ಚಾಯಿತು. ಭಾರತದ ಪ್ರಾಚೀನ ರಾಜನೀತಿಯ ಚರಿತ್ರೆಯನ್ನೇ ಹೊಸದಾಗಿ ಬರೆಯಬೇಕಾಯಿತು. ಗರಿಯನ್ನು ಬಿಚ್ಚುವುದಕ್ಕೂ ಬಿಚ್ಚದಿರುವುದಕ್ಕೂ ಇಷ್ಟು ಅಂತರ.

ಬೀಗ ಬಸದಿಯಲ್ಲಿ ಮಾತ್ರವಿರಲಿಲ್ಲ. ನಾನು ವಿದ್ಯಾರ್ಥಿಯಾಗಿದ್ದ ಕಾಲೇಜಿನಲ್ಲಿ ಪುಸ್ತಕಗಳು ಗಾಜಿನ ಬಾಗಿಲ ಬೀರುಗಳಲ್ಲಿದ್ದವು. ಬೆನ್ನಿನ ಮೇಲಿನ ಹೆಸರನ್ನು ಹೊರಗಿನಿಂದ ಓದಿ, ಚೀಟಿ ಬರೆದುಕೊಟ್ಟು, ಅಟೆಂಡರು ಬರುವುದನ್ನು ಕಾಯಬೇಕಾಗಿತ್ತು. ಪುಸ್ತಕ ಕಳೆದುಹೋದರೆ ಗ್ರಂಥಪಾಲಕರ ಸಂಬಳದಲ್ಲಿ ಹಿಡಿಯುವ ನಿಯಮವಿದ್ದ ಕಾಲ ಅದು. ಅಂಥವರಿಂದ ಔದಾರ್ಯವನ್ನು ನಿರೀಕ್ಷಿಸುವುದು ಹೇಗೆ? ರಂಗನಾಥನ್‌ರು ಮದರಾಸಿನಲ್ಲಿ ಓದುಗರನ್ನು ಬೀರುಗಳ ನಡುವೆಯೇ ಬಿಟ್ಟರೆಂಬುದು ಈ ಹಿನ್ನೆಲೆಯಲ್ಲಿ ಸಣ್ಣ ಸಂಗತಿಯಲ್ಲ. ಅವರ ಸೂತ್ರಗಳ ಪ್ರಭಾವ ಪಟ್ಟಣದ ಎಲ್ಲೆಯನ್ನೂ ದಾಟಿತು. ಅವರೂ ಸೇರಿ 1928ರಲ್ಲಿ ಸ್ಥಾಪಿಸಿದ ಮದರಾಸು ಗ್ರಂಥಾಲಯ ಸಂಘದ ಉತ್ಸಾಹದ ದಿನಗಳಲ್ಲಿ, 1931ರ ಅಕ್ಟೋಬರಿನಲ್ಲಿ, ತಂಜಾವೂರು ಜಿಲ್ಲೆಯ ಮನ್ನಾರ್‌ಗುಡಿಯಿಂದ ಪುಸ್ತಕಗಳನ್ನು ಹೇರಿಕೊಂಡ ಎತ್ತಿನಗಾಡಿಯೊಂದು ಸುತ್ತಲಿನ ಹಳ್ಳಿಗಳತ್ತ ಹೊರಟಿತು. ಪುಸ್ತಕಕ್ಕೂ ತನ್ನ ಓದುಗನನ್ನು ಅರಸಿಕೊಂಡು ಹೋಗುವ ಹಂಬಲವಿದೆ ಎಂಬ ಅವರ ಮೂರನೆಯ ಸೂತ್ರಕ್ಕೆ ಇದಕ್ಕಿಂತ ಸೊಗಸಾದ ಭಾಷ್ಯ ಬೇಕಿಲ್ಲ.

ಇನ್ನು ಅವರ ಪ್ರತಿಭೆಯ ತುತ್ತತುದಿಯಾದ ವರ್ಗೀಕರಣದ ಮಾತಿಗೆ ಬರೋಣ. ಲಂಡನ್ನಿನ ದೊಡ್ಡ ಅಂಗಡಿಯೊಂದರಲ್ಲಿ ಅವರು ಮಕ್ಕಳ ಆಟಿಕೆಯೊಂದನ್ನು ಕಂಡರು. ಮೆಕ್ಯಾನೋ ಎಂದು ಅದರ ಹೆಸರು. ತೂತುಗಳುಳ್ಳ ಲೋಹದ ಪಟ್ಟಿ, ಗಾಲಿ, ತಿರುಪು, ಇಷ್ಟೇ. ಇವನ್ನೇ ಬೇರೆಬೇರೆಯಾಗಿ ಜೋಡಿಸಿದರೆ ಒಮ್ಮೆ ಸೇತುವೆ, ಒಮ್ಮೆ ಬಂಡಿ, ಇನ್ನೊಮ್ಮೆ ಗಾಳಿಯಂತ್ರ. ಡ್ಯೂಯಿಯ ಪದ್ಧತಿಯಲ್ಲಿ ಪ್ರತಿಯೊಂದು ವಿಷಯಕ್ಕೂ ಮುಂಚಿತವಾಗಿ ಮಾಡಿಟ್ಟ ಡಬ್ಬಿ ಇರಬೇಕು. ಹೊಸ ವಿಷಯ ಹುಟ್ಟಿದರೆ ಡಬ್ಬಿಯಿಲ್ಲ. ಅದಕ್ಕೆ ಬದಲು ಬಿಡಿಭಾಗಗಳನ್ನು ಮಾತ್ರ ಇಟ್ಟುಕೊಂಡು, ಪುಸ್ತಕ ಕೈಗೆ ಬಂದಾಗ ಬೇಕಾದ ಸಂಖ್ಯೆಯನ್ನು ಕಟ್ಟಿಕೊಂಡರೆ ಹೇಗೆ? 1950ರ ದಶಕದಲ್ಲಿ ಭಾರತದಲ್ಲಿ ಭತ್ತದ ಬೆಳೆಗೆ ತಗುಲಿದ ರೋಗ ಎಂಬ ಪುಸ್ತಕವಿದೆಯೆನ್ನಿ. ಅದರಲ್ಲಿ ಕೃಷಿಯೆಂಬ ಶಾಸ್ತ್ರವಿದೆ, ಭತ್ತವೆಂಬ ವಸ್ತುವಿದೆ, ರೋಗವಿದೆ, ಭಾರತವೆಂಬ ದೇಶವಿದೆ, ಒಂದು ಕಾಲವಿದೆ. ಒಂದೊಂದಕ್ಕೂ ಒಂದೊಂದು ಗುರುತು. ಅವನ್ನು ಕ್ರಮವಾಗಿ ಬೆಸೆದರೆ ವಿಷಯದ ಹೆಸರೇ ಸಂಖ್ಯೆಯಾಗುತ್ತದೆ. ಬೆಸೆಯಲು ಬಳಸಿದ ಚಿಹ್ನೆ ಕೋಲನ್, ಅಂದರೆ ಒಂದರ ಮೇಲೊಂದು ಇಟ್ಟ ಎರಡು ಚುಕ್ಕೆ. ಆದ್ದರಿಂದ 1933ರಲ್ಲಿ ಪ್ರಕಟವಾದ ಈ ಪದ್ಧತಿಗೆ ಕೋಲನ್ ವರ್ಗೀಕರಣವೆಂದೇ ಹೆಸರಾಯಿತು.

ಯಾವ ವಿಷಯವನ್ನಾದರೂ ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮೂಲ ಪ್ರಕಾರಗಳ ಬೆಳಕಿನಲ್ಲಿ ಬಿಡಿಸಬಹುದೆಂದು ಅವರು ಮುಂದೆ ಪ್ರತಿಪಾದಿಸಿದರು. ಇದನ್ನು ಓದುವಾಗ ದ್ರವ್ಯ, ಗುಣ, ಕರ್ಮವೆಂದು ಪದಾರ್ಥಗಳನ್ನೆಣಿಸಿದ ನಮ್ಮ ವೈಶೇಷಿಕರು ನನಗೆ ನೆನಪಾಗುತ್ತಾರೆ. ರಂಗನಾಥನ್‌ರ ಬರವಣಿಗೆಯ ಕ್ರಮವೂ ಹಾಗೆಯೇ ಇದೆ: ಮೊದಲು ಸೂತ್ರ, ಬಳಿಕ ವಿವರಣೆ, ಬಳಿಕ ಆಕ್ಷೇಪ, ಆಮೇಲೆ ಸಮಾಧಾನ. ಓದುಗ ಹುಡುಕುವ ವಿಷಯವು ಬೀರುವಿನ ನಡುವೆ, ಅದಕ್ಕೆ ಹತ್ತಿರದವು ಅಕ್ಕಪಕ್ಕದಲ್ಲಿ, ದೂರದವು ಎರಡು ತುದಿಗಳಲ್ಲಿ ಬರುವ ಜೋಡಣೆಗೆ ಅವರು ಇಂಗ್ಲಿಷ್ ಮೊದಲಕ್ಷರಗಳಿಂದ ‘ಅಪುಪ’ ಎಂಬ ಹೆಸರು ಕಟ್ಟಿದರು. ಸಂಸ್ಕೃತದಲ್ಲಿ ಅಪೂಪವೆಂದರೆ ಕಜ್ಜಾಯ! ನಡುವೆ ಮೆತ್ತಗೆ, ಅಂಚಿನಲ್ಲಿ ಗರಿಗರಿ.

ಈ ಪದ್ಧತಿಯಲ್ಲಿ ನನಗೆ ಬಹಳ ಹಿಡಿಸಿದ ಒಂದು ಸಂಗತಿಯಿದೆ. ದೇಶಗಳ ಪಟ್ಟಿಯಲ್ಲಿ ಜಗತ್ತಿಗೆ 1 ಎಂಬ ಅಂಕಿ. ಭಾರತಕ್ಕೆ 44. ಆದರೆ 2 ಎಂಬ ಅಂಕಿಯನ್ನು ಅವರು ಯಾವ ದೇಶಕ್ಕೂ ಬರೆದುಕೊಡದೆ ತಾಯಿನಾಡಿಗೆಂದು ಬಿಟ್ಟಿದ್ದಾರೆ. ಯಾರ ಗ್ರಂಥಾಲಯವೋ ಅವರ ತಾಯಿನಾಡು. ಬೆಂಗಳೂರಿನಲ್ಲಿ ಅದು ಭಾರತ, ನೈಜೀರಿಯಾದ ಇಬಾದಾನಿನಲ್ಲಿ ನೈಜೀರಿಯಾ, ಲಂಡನ್ನಿನಲ್ಲಿ ಬ್ರಿಟನ್. ಸಾಹಿತ್ಯದಲ್ಲಿಯೂ ಒಂದು ಗ್ರಂಥಾಲಯ ತನಗೆ ಪ್ರಿಯವಾದ ಭಾಷೆಗೆ ಅಂಕಿಯ ಬದಲು ಬರಿಯ ಅಡ್ಡಗೆರೆ ಹಾಕಿಕೊಳ್ಳಬಹುದು. ಕನ್ನಡ ಗ್ರಂಥಾಲಯದಲ್ಲಿ ಕನ್ನಡಕ್ಕೆ ಬಾಲವಿರಬೇಕಾಗಿಲ್ಲ. ಜಗತ್ತಿಗೆ ಒಂದೇ ನಡುಮನೆ, ಉಳಿದವರಿಗೆ ಕೊನೆಯ ಕೋಣೆ ಎಂಬ ಲೆಕ್ಕವನ್ನು ಪರಾಧೀನ ದೇಶದ ಒಬ್ಬ ಗ್ರಂಥಪಾಲಕರು ಸದ್ದಿಲ್ಲದೆ ಅಳಿಸಿದ ರೀತಿ ಇದು. ಇದಕ್ಕೊಂದು ತೊಡಕೂ ಇದೆಯೆನ್ನಿ. ಊರಿಂದೂರಿಗೆ ಅರ್ಥ ಬದಲಾಗುವ ಅಂಕಿ ಗ್ರಂಥಾಲಯಗಳು ಪರಸ್ಪರ ಸೂಚಿಗಳನ್ನು ಹಂಚಿಕೊಳ್ಳುವ ಕಾಲಕ್ಕೆ ಒಗ್ಗುವುದಿಲ್ಲ.

ಹೆಸರುಗಳ ಪ್ರಶ್ನೆಯೂ ಇಂಥದೇ. ಪಾಶ್ಚಾತ್ಯ ನಿಯಮದಂತೆ ಲೇಖಕನ ಹೆಸರಿನ ಕೊನೆಯ ಪದ ಮನೆತನದ ಹೆಸರು; ಸೂಚಿಯಲ್ಲಿ ಅದೇ ಮೊದಲು ಬರಬೇಕು. ಹಾಗೆ ಮಾಡಿದರೆ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಅಸಂಖ್ಯಾತ ಅಯ್ಯಂಗಾರರ ಗುಂಪಿನಲ್ಲಿ ಕಳೆದುಹೋಗುತ್ತಾರೆ. ಮಾಸ್ತಿ ಊರಿನ ಹೆಸರು, ‘ಶ್ರೀನಿವಾಸ’ ಕಾವ್ಯನಾಮ. ಓದುಗ ಯಾವುದರ ಕೆಳಗೆ ಹುಡುಕಬೇಕು? ಕೆ. ವಿ. ಪುಟ್ಟಪ್ಪನವರನ್ನು ಕುವೆಂಪು ಎಂದಲ್ಲದೆ ಕನ್ನಡಿಗರು ಬೇರೆ ಹೆಸರಿನಿಂದ ಹುಡುಕುವರೇ? 1934ರ ತಮ್ಮ ಸೂಚೀಸಂಹಿತೆಯಿಂದ ಮೊದಲ್ಗೊಂಡು ರಂಗನಾಥನ್ ಈ ತೊಡಕನ್ನು ಬಿಡಿಸಲು ಶ್ರಮಿಸಿದರು. 1961ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸೂಚೀಕರಣ ಸಮ್ಮೇಳನದ ವೇಳೆಗೆ ಭಾರತೀಯ ಹೆಸರುಗಳ ವಿಚಾರ ಪ್ರತ್ಯೇಕ ಚರ್ಚೆಗೆ ಯೋಗ್ಯವೆನಿಸಿತ್ತು.

ಅವರ ವಿಚಾರಗಳು ಮೊದಲು ನೆಲೆ ಕಂಡದ್ದು ಅವರು ಶಿಷ್ಯರಾಗಿ ಹೋಗಿದ್ದ ಅದೇ ಲಂಡನ್ನಿನಲ್ಲಿ. 1950ರಲ್ಲಿ ಆರಂಭವಾದ ಬ್ರಿಟಿಷ್ ರಾಷ್ಟ್ರೀಯ ಗ್ರಂಥಸೂಚಿಯು ತನ್ನ ವಿಷಯಾನುಕ್ರಮಣಿಕೆಗೆ ರಂಗನಾಥನ್‌ರ ಸರಪಳಿ ವಿಧಾನವನ್ನೇ ಅಳವಡಿಸಿಕೊಂಡು ಎರಡು ದಶಕ ನಡೆಸಿತು. 1952ರಲ್ಲಿ ಅಲ್ಲಿನ ತರುಣ ಗ್ರಂಥಪಾಲಕರು ವರ್ಗೀಕರಣ ಸಂಶೋಧನ ಬಳಗವೊಂದನ್ನು ಕಟ್ಟಿಕೊಂಡು ಅವರ ಸಿದ್ಧಾಂತವನ್ನು ಚರ್ಚಿಸಿ, ತಿದ್ದಿ, ಬೆಳೆಸಿದರು. ಇಂದು ಮನೆಯಲ್ಲೇ ಕುಳಿತು ಕಂಪ್ಯೂಟರಿನ ಪರದೆಯ ಮೇಲೆ ಸೀರೆ ಕೊಳ್ಳುವವರು ಬಣ್ಣ ಇಂಥದು, ನೂಲು ಇಂಥದು, ಬೆಲೆ ಇಷ್ಟರೊಳಗೆ ಎಂದು ಒಂದೊಂದಾಗಿ ಆರಿಸಿ ಸಾಲನ್ನು ಕಿರಿದುಗೊಳಿಸುತ್ತಾರಲ್ಲ, ಆ ಏರ್ಪಾಡು ಮುಖವಿಶ್ಲೇಷಣೆಯೆಂಬ ಈ ಸಿದ್ಧಾಂತದ ಬಂಧುವೇ.

ರಂಗನಾಥನ್ 1945ರಲ್ಲಿ ಕಾಶಿಗೂ 1947ರಲ್ಲಿ ದೆಹಲಿಗೂ ಹೋದರು. ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಅವರು ಹಾಕಿದ ಬುನಾದಿಯ ಮೇಲೆ 1957ರಲ್ಲಿ ಈ ಶಾಸ್ತ್ರದಲ್ಲಿ ದೇಶದ ಮೊದಲ ಡಾಕ್ಟರೇಟ್ ಪದವಿ ಬಂದಿತು. ಅದಕ್ಕೆ ಒಂದು ವರ್ಷ ಮುಂಚೆ, ತಮ್ಮ ಉಳಿತಾಯದ ಒಂದು ಲಕ್ಷ ರೂಪಾಯಿಯನ್ನು ಮದರಾಸು ವಿಶ್ವವಿದ್ಯಾನಿಲಯಕ್ಕೆ ಕೊಟ್ಟು, ಪತ್ನಿ ಶಾರದಾ ಅವರ ಹೆಸರನ್ನೂ ಸೇರಿಸಿ ಪೀಠವೊಂದನ್ನು ಏರ್ಪಡಿಸಿದ್ದರು. ಗ್ರಂಥಪಾಲಕರೊಬ್ಬರಿಗೆ ಆ ಕಾಲದಲ್ಲಿ ಅದೆಷ್ಟು ದೊಡ್ಡ ಮೊತ್ತವೆಂಬುದನ್ನು ತಾವೇ ಊಹಿಸಬಹುದು. 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ 1962ರಲ್ಲಿ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರ ಇಲ್ಲಿ ಆರಂಭವಾಯಿತು. ಮಲ್ಲೇಶ್ವರದಲ್ಲಿ ಮೊದಲಾದ ಆ ಪುಟ್ಟ ಕೇಂದ್ರದ ಹೆಸರು ಜಗತ್ತಿನ ಗ್ರಂಥಾಲಯ ವಿದ್ವಾಂಸರಿಗೆ ಪರಿಚಿತವಾಯಿತು. 1965ರಲ್ಲಿ ಅವರು ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕರಾದರು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿಯೇ ತೀರಿಕೊಂಡರು.

ಇಲ್ಲಿಗೆ ನಿಲ್ಲಿಸಿದರೆ ಇದು ಹೆಮ್ಮೆಯ ಕಥೆ. ಆದರೆ ಮುಂದಿನದನ್ನೂ ಹೇಳದೆ ವಿಧಿಯಿಲ್ಲ. ಕೋಲನ್ ಪದ್ಧತಿಯನ್ನು ನಮ್ಮ ದೇಶದ ಗ್ರಂಥಾಲಯಗಳೇ ಹೆಚ್ಚಾಗಿ ಕೈಹಿಡಿಯಲಿಲ್ಲ. ಹಿಡಿದವರಲ್ಲೂ ಅನೇಕರು ಬಿಟ್ಟರು. ರಂಗನಾಥನ್ ತಮ್ಮ ಪದ್ಧತಿಯನ್ನು ತಾವೇ ತಿದ್ದುತ್ತ ಹೋದರು. ಚಿಹ್ನೆಗಳು ಹೆಚ್ಚಿದವು, ನಿಯಮಗಳು ಬದಲಾದವು, ಪುಸ್ತಕದ ಬೆನ್ನಿಗೆ ಸಂಖ್ಯೆ ಹಿಡಿಸದಂತಾಯಿತು. ಒಬ್ಬಿಬ್ಬರು ಸಹಾಯಕರಿರುವ ಗ್ರಂಥಾಲಯ ಪ್ರತಿ ಆವೃತ್ತಿಗೂ ಹಳೆಯ ಚೀಟಿಗಳನ್ನು ಕಿತ್ತು ಹೊಸದನ್ನು ಅಂಟಿಸುವುದು ಸಾಧ್ಯವೇ? ಏಳನೆಯ ಆವೃತ್ತಿ ಬಂದದ್ದು ಅವರು ಹೋಗಿ ಹದಿನೈದು ವರ್ಷಗಳ ಮೇಲೆ, 1987ರಲ್ಲಿ. ಅತ್ತ ಡ್ಯೂಯಿಯ ಪದ್ಧತಿಗೆ ಅಮೆರಿಕದ ದೊಡ್ಡ ಸಂಸ್ಥೆಗಳ ಬೆಂಬಲವಿತ್ತು. ವಿದೇಶದ ಪುಸ್ತಕಕ್ಕೆ ಅದರ ಸಂಖ್ಯೆ ಸಿದ್ಧವಾಗಿಯೇ ದೊರೆಯುತ್ತಿತ್ತು. ಶಾಸ್ತ್ರ ಮೇಲಾಗಿದ್ದರೆ ಸಾಲದು, ಅದನ್ನು ಸಾಕುವ ಮನೆಯೂ ಗಟ್ಟಿಯಿರಬೇಕು. ಬಡದೇಶಗಳ ವಿದ್ವತ್ತು ಸೋಲುವುದು ಬಹುಮಟ್ಟಿಗೆ ಇಲ್ಲಿ. ದೆಹಲಿಯಲ್ಲಿ 1951ರಲ್ಲಿ, ಕೊಲಂಬಿಯಾದ ಮೆಡೆಯೀನ್ ನಗರದಲ್ಲಿ 1954ರಲ್ಲಿ, ನೈಜೀರಿಯಾದ ಎನುಗುವಿನಲ್ಲಿ 1959ರಲ್ಲಿ ಯುನೆಸ್ಕೋ ನೆರವಿನಿಂದ ಮಾದರಿ ಗ್ರಂಥಾಲಯಗಳು ತೆರೆದವು. ಗ್ರಂಥಪಾಲನೆಯ ಶಾಲೆಗಳೂ ಬಂದವು. ಆದರೆ ಪಠ್ಯಗಳು, ಪತ್ರಿಕೆಗಳು, ಪದ್ಧತಿಗಳು ಬಹುಪಾಲು ಹೊರಗಿನಿಂದಲೇ ಬರುತ್ತಿದ್ದವು.

ನಮ್ಮಲ್ಲಿ 1960ರ ದಶಕದಲ್ಲಿ ಧಾರವಾಡ, ಮೈಸೂರು ವಿಶ್ವವಿದ್ಯಾನಿಲಯಗಳಲ್ಲಿ ಗ್ರಂಥಾಲಯ ವಿಜ್ಞಾನದ ಬೋಧನೆ ಮೊದಲಾಯಿತು. ಇಂದು ಪ್ರಬಂಧಗಳಿಗೆ ಕೊರತೆಯಿಲ್ಲ. ಆದರೆ ಅವುಗಳ ಹೆಸರುಗಳನ್ನು ಸಾಲಾಗಿ ಓದಿದರೆ ಇಂಥ ಜಿಲ್ಲೆಯ ಇಂಥ ಕಾಲೇಜುಗಳ ಓದುಗರ ತೃಪ್ತಿಯ ಸಮೀಕ್ಷೆ ಎಂಬ ಒಂದೇ ಅಚ್ಚು ಮತ್ತೆ ಮತ್ತೆ ಎದುರಾಗುತ್ತದೆ. ಪದವಿಗಾಗಿ, ಬಡ್ತಿಗಾಗಿ ಬರೆದವಕ್ಕೆ ಇನ್ನೇನಾದೀತು? ರಂಗನಾಥನ್ ಪ್ರಶ್ನೆ ಕೇಳಿದ್ದು ತಮ್ಮ ಮುಂದಿನ ಬೀರುವಿಗೆ. ಅವರ ಹೆಸರನ್ನು ಜಪಿಸುವವರಲ್ಲಿ ಹಲವರು ಸೂತ್ರಗಳನ್ನು ಬಾಯಿಪಾಠ ಮಾಡಿದರು, ಬೀರುವನ್ನು ನೋಡಲಿಲ್ಲ. ಇನ್ನೊಂದು ಮಾತು ಕನ್ನಡದವರಾದ ನಮಗೆ ಸೇರಿದ್ದು. ಅವರು ಬರೆದುದೆಲ್ಲ ಇಂಗ್ಲಿಷಿನಲ್ಲಿ. ಅದನ್ನು ಸರಳಗನ್ನಡಕ್ಕೆ ಇಳಿಸಿ, ವಚನ, ಷಟ್ಪದಿ, ತಾಳಮದ್ದಳೆಗಳನ್ನು ಹೇಗೆ ವಿಂಗಡಿಸಬೇಕೆಂದು ಗ್ರಂಥಪಾಲಕರೂ ಸಾಹಿತ್ಯದವರೂ ಒಟ್ಟಿಗೆ ಕುಳಿತು ಯೋಚಿಸುವುದು ಒಂದು ಪರಂಪರೆಯಾಗಿ ಬೆಳೆಯಲಿಲ್ಲ.

ಅಷ್ಟಾದರೂ ಓದುಗನಿಗೆ ಪುಸ್ತಕ ತಲುಪಬೇಕೆಂಬ ಮಾತು ನಮ್ಮಲ್ಲಿ ಕಾನೂನಾಗಿ ನಿಂತಿದೆ. 1930ರಲ್ಲಿಯೇ ರಂಗನಾಥನ್ ಕಾಶಿಯ ಅಖಿಲ ಏಷ್ಯಾ ಶಿಕ್ಷಣ ಸಮ್ಮೇಳನದ ಮುಂದೆ ಮಾದರಿ ಗ್ರಂಥಾಲಯ ಶಾಸನವೊಂದನ್ನು ಇಟ್ಟಿದ್ದರು. ಮದರಾಸಿನಲ್ಲಿ 1948ರಲ್ಲಿ, ನಮ್ಮ ರಾಜ್ಯದಲ್ಲಿ 1965ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂದಿತು. ಗ್ರಂಥಾಲಯ ಕರದಿಂದ ನಡೆಯುವ ವ್ಯವಸ್ಥೆ ಹಳ್ಳಿಗಳವರೆಗೂ ಹಬ್ಬಿತು. ಐದು ಸಾವಿರಕ್ಕೂ ಹೆಚ್ಚಿನ ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದವು.

ಅಂಥದೊಂದು ಗ್ರಂಥಾಲಯಕ್ಕೆ, ಉಡುಪಿಯ ಕಡೆಯ ಹಳ್ಳಿಯಲ್ಲಿ, ನಾನು ಎರಡು ವರ್ಷಗಳ ಕೆಳಗೆ ಹೋಗಿದ್ದೆ. ಒಂದೇ ಕೊಠಡಿ, ನಾಲ್ಕು ಕಪಾಟು. ಕಥೆ, ಕೃಷಿ, ನಾಟಕ, ಸಂಗೀತ, ಜನಪದ, ಮಕ್ಕಳು, ಪರೀಕ್ಷೆ ಎಂದು ಬಿಳಿಯ ಹಾಳೆಯಲ್ಲಿ ಬರೆದು ಅಂಟಿಸಿದ್ದರು. ಅಲ್ಲಿನ ಮೇಲ್ವಿಚಾರಕಿ ಕಾರಂತರ ‘ಯಕ್ಷಗಾನ ಬಯಲಾಟ’ವನ್ನು ಕೈಯಲ್ಲಿ ಹಿಡಿದು, “ಸರ್, ಇದನ್ನು ನಾಟಕದಲ್ಲಿಡುವುದೋ, ಸಂಗೀತದಲ್ಲಿಡುವುದೋ, ಜನಪದದಲ್ಲೋ? ಕೇಳಿಕೊಂಡು ಬರುವವರು ಮೂರು ಕಡೆಯೂ ಹುಡುಕುತ್ತಾರೆ” ಎಂದರು. ನಾನು ಉತ್ತರ ಹೇಳುವ ಮುಂಚೆಯೇ ಪುಸ್ತಕವನ್ನು ನಾಟಕದ ಸಾಲಿಗೆ ಸೇರಿಸಿದರು. ಹಳೆಯ ಲಗ್ನಪತ್ರಿಕೆಯೊಂದನ್ನ ಕತ್ತರಿಸಿ ಎರಡು ಚೀಟಿ ಮಾಡಿ, ಬಯಲಾಟದ ಪುಸ್ತಕ ನಾಟಕದ ಸಾಲಿನಲ್ಲಿದೆ ಎಂದು ಬರೆದು, ಒಂದನ್ನು ಸಂಗೀತದಲ್ಲೂ ಒಂದನ್ನು ಜನಪದದಲ್ಲೂ ಸಿಕ್ಕಿಸಿದರು.